ರಿಪೇರಿರಾಯರ ನೀಲಿ ಫ್ಯಾನು

ಆ ಮನೆಯಲ್ಲಿ ಕೆಟ್ಟ ವಸ್ತುಗಳು ಎರಡು ಸಲ ಸಾಯುತ್ತಿದ್ದವು. ಒಂದು ಸಲ ತಾವಾಗಿ, ಇನ್ನೊಂದು ಸಲ ಮನೆಯ ಯಜಮಾನರ ಕೈಯಲ್ಲಿ. ಲಾರಿ ಬುಕಿಂಗ್ ಆಫೀಸಿನಲ್ಲಿ ದಿನವಿಡೀ ಮೂಟೆಗಳಿಗೆ ಚೀಟಿ ಬರೆಯುತ್ತಿದ್ದ ಅವರು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಸ್ಕ್ರೂಡ್ರೈವರ್ ಎಲ್ಲಿ ಎಂದು ಕೇಳುತ್ತಿದ್ದರು. ಒಮ್ಮೆ ಇಸ್ತ್ರಿಪೆಟ್ಟಿಗೆಯನ್ನು ಬಿಚ್ಚಿ ಜೋಡಿಸಿದಾಗ ಒಂದು ಸ್ಪ್ರಿಂಗು ಮಿಕ್ಕಿತು. "ಇದನ್ನ ಕಂಪನಿಯವರು ಸುಮ್ನೆ ಹಾಕಿರ್ತಾರೆ" ಎಂದು ಅದನ್ನು ಡಬ್ಬಿಗೆ ಸೇರಿಸಿದರು. ಅಂದಿನಿಂದ ಆ ಇಸ್ತ್ರಿಪೆಟ್ಟಿಗೆ, ಬಾಗಿಲು ಗಾಳಿಗೆ ಬಡಿಯದಂತೆ ತಡೆಯುವ ನೌಕರಿಯಲ್ಲಿದೆ. ಕಟ್ಟಡದವರೆಲ್ಲ ಅವರನ್ನು ರಿಪೇರಿರಾಯರು ಎಂದು ಕರೆಯುತ್ತಿದ್ದರು. ಅದು ಬಿರುದೋ ಬೈಗುಳವೋ ಎಂದು ರಾಯರು ಯೋಚಿಸಿದವರಲ್ಲ. ಕರೆದ ಕಡೆಗೆ ಸ್ಕ್ರೂಡ್ರೈವರ್ ಹಿಡಿದು ಹೋಗುತ್ತಿದ್ದರು, ಪಾಪ.

ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಮೇಲಿನ ಅಕ್ಷರ ಓದಿಸುವುದು ಅವಳ ಕೆಲಸ. ಆ ಕೆಲಸ ಅವಳಿಗೆ ಒಂದು ದೊಡ್ಡ ಪಾಠ ಕಲಿಸಿತ್ತು. ಕಣ್ಣು ಮಂಜಾದವರಿಗೆ 'ನಿಮಗೆ ಕಾಣಿಸ್ತಿಲ್ಲ' ಎಂದು ಎಂದೂ ಹೇಳಬಾರದು. ಹೇಳಿದರೆ ಅಕ್ಷರ ಬರೆದವನನ್ನೇ ಬೈಯುತ್ತಾರೆ. ಮಾತಾಡದೆ ಗಾಜು ಬದಲಿಸುತ್ತಾ ಹೋಗಬೇಕು. "ಇದು ಸರಿಯಾ? ಇಲ್ಲಾ ಇದಾ?" ಕೊನೆಗೆ ಅವರೇ "ಹಾಂ, ಇದೇ, ನಾನು ಆಗ್ಲೇ ಹೇಳಲಿಲ್ವಾ!" ಅನ್ನುತ್ತಾರೆ. ನಾವು ತಲೆಯಾಡಿಸಿದರೆ ಸಾಕು. ಈ ವಿದ್ಯೆ ಅಂಗಡಿಯಲ್ಲಿ ಸಂಬಳ ತಂದುಕೊಡುತ್ತಿತ್ತು, ಮನೆಯಲ್ಲಿ ಸಂಸಾರ ನಡೆಸಿಕೊಡುತ್ತಿತ್ತು.

ಇಷ್ಟು ತಿಳಿದ ಮೇಲೆ ಅವಳ ಅತ್ತೆಯ, ಅಂದರೆ ರಾಯರ ತಾಯಿಯ ವಿಷಯಕ್ಕೆ ಬರಬಹುದು. ಅತ್ತೆಗೆ ಒಬ್ಬಳೇ ತಂಗಿ. ಅಕ್ಕತಂಗಿಯರು ಒಂದೇ ಜಡೆಯ ಎರಡು ಎಳೆಗಳಂತೆ ಬೆಳೆದವರು. ರಾಯರ ಮದುವೆಯ ದಿನ ಆ ಜಡೆ ಬಿಚ್ಚಿಹೋಯಿತು. ಫೋಟೋ ತೆಗೆಯುವಾಗ ವೇದಿಕೆ ಹತ್ತಿದ್ದ ತನ್ನನ್ನು ಅಕ್ಕ ಎಲ್ಲರೆದುರು ಕೆಳಗಿಳಿಸಿದಳು ಎಂದು ತಂಗಿ. ನಾನು ಬೆರಳೂ ಎತ್ತಲಿಲ್ಲ, ಅವಳೇ ಮುಖ ಊದಿಸಿಕೊಂಡು ಇಳಿದು ಹೋದಳು ಎಂದು ಅಕ್ಕ. ಅಂದಿನಿಂದ ದಾರಿಯಲ್ಲಿ ಎದುರಾದರೆ ಒಬ್ಬರಿಗೊಬ್ಬರು ಗುರುತು ಹತ್ತದವರಂತೆ ಅಂಗಡಿಯ ಬೋರ್ಡು ಓದುತ್ತಾ ಸಾಗುತ್ತಿದ್ದರು. ಇಬ್ಬರಿಗೂ ಕನ್ನಡಕವಿಲ್ಲದೆ ಬೋರ್ಡು ಕಾಣಿಸುತ್ತಿರಲಿಲ್ಲ ಎಂಬುದು ಸೊಸೆಗೆ ಮಾತ್ರ ಗೊತ್ತು.

ಈಗ ಆ ತಂಗಿ, ಸೊಸೆಯ ಚಿಕ್ಕತ್ತೆ, ಗಂಡನೊಂದಿಗೆ ದೂರದ ಊರಿನ ಮಗಳ ಮನೆಗೆ ಹೋಗಿ ನೆಲೆಸುವವರಿದ್ದರು. ಹೊರಡುವ ಮುಂಚೆ ಒಮ್ಮೆ ಅಕ್ಕನ ಮನೆಗೆ ಬಾ ಎಂದು ನೆಂಟರೆಲ್ಲ ಒತ್ತಾಯಿಸಿದಾಗ ಅವರು ಒಪ್ಪಿದ್ದರು. ಆದರೆ ಒಂದು ಷರತ್ತು. "ಆ ಮದುವೆ ವಿಡಿಯೋ ಹಾಕಿ ತೋರಿಸ್ಲಿ. ಅವಳೇ ಇಳಿಸಿದ್ದು ಅಂತ ಕಣ್ಣಾರೆ ನೋಡಿ ಒಪ್ಕೊಳ್ಳಿ. ಆಮೇಲೆ ಅವಳ ಮನೇಲಿ ಟೀ ಕುಡೀತೀನಿ."

"ತೋರಿಸೋಣ, ತೋರಿಸೋಣ. ಅವಳ ಮುಖಕ್ಕೇ ಹಿಡಿದು ತೋರಿಸೋಣ" ಎಂದು ಅತ್ತೆಯೂ ಗುಡುಗಿದರು. ಗುಡುಗಿದವರು ಒಳಗೆ ಹೋಗಿ, ಯಾರಿಗೂ ಕೊಡದೆ ಇಟ್ಟಿದ್ದ ಹೂವಿನ ಚಿತ್ರದ ಕಪ್ಪುಗಳನ್ನು ಇಳಿಸಿ ಒರೆಸತೊಡಗಿದರು. ಒಂದೊಂದನ್ನೂ ಎರಡೆರಡು ಸಲ ಒರೆಸುತ್ತಿದ್ದ ಆ ಕೈ ಸಾಕ್ಷಿ ಹೇಳಲು ಕಾದ ಕೈಯಲ್ಲ ಎಂದು ಸೊಸೆಗೆ ಅನ್ನಿಸಿತು.

ವಿಡಿಯೋ ಇದ್ದದ್ದು ಒಂದು ಡಿಸ್ಕಿನಲ್ಲಿ. ಡಿಸ್ಕ್ ಹಾಕುವ ಜಾಗ ಇದ್ದದ್ದು ಮನೆಯ ಹಳೆಯ ಕಂಪ್ಯೂಟರಿನಲ್ಲಿ. ಅದಕ್ಕೆ ಎರಡು ಡ್ರೈವು. "ಬೇರೆಯವರ ಕಂಪ್ಯೂಟರಿಗೆ ಒಂದು ಬಾಯಿ, ನಮ್ಮದಕ್ಕೆ ಎರಡು" ಎಂದು ರಾಯರು ಬಂದವರಿಗೆಲ್ಲ ಹೇಳುವುದಿತ್ತು. ಬೇಸಿಗೆಯ ಆರಂಭದಲ್ಲಿ ಅದಕ್ಕೆ ಬಿಸಿಯಾಗುತ್ತದೆಂದು ಒಂದು ಫ್ಯಾನನ್ನೂ ಒಂದು ನೀಲಿ ದೀಪವನ್ನೂ ಒಳಗೆ ಕೂರಿಸಿದ್ದರು. ಪಕ್ಕದ ಜಾಲರಿಯಿಂದ ನೀಲಿ ಬೆಳಕು ಬರುತ್ತಿತ್ತು. ಫ್ಯಾನು ಮಾತ್ರ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿತ್ತು.

ಶನಿವಾರ ಮಧ್ಯಾಹ್ನ ಅತ್ತೆ ಡಿಸ್ಕಿನ ಡಬ್ಬಿ ತೆಗೆದರು. ಡಬ್ಬಿ ಖಾಲಿ.

"ಒಳಗೇ ಇರುತ್ತಮ್ಮ" ಎಂದರು ರಾಯರು. "ಹೋದ ಸಲ ನೀನು ನೋಡಿದ ಮೇಲೆ ತೆಗೆದೇ ಇಲ್ಲ."

ಅತ್ತೆ ಆಗಾಗ ಆ ವಿಡಿಯೋ ನೋಡುವುದುಂಟು. ಆದರೆ ಎಂದೂ ಪೂರ್ತಿ ನೋಡಿದವರಲ್ಲ. ಅದರಲ್ಲಿ ಮಾವನವರು, ಬದುಕಿದ್ದಾಗ ಫೋಟೋದಲ್ಲಿ ಸಹ ಹಲ್ಲು ತೋರಿಸದ ಆ ಮನುಷ್ಯ, ಒಂದು ಕಡೆ ಯಾರದೋ ಮಾತಿಗೆ ಬಾಯಿತುಂಬ ನಗುತ್ತಾರೆ. ಅಲ್ಲಿಗೆ ಬಂದ ಕೂಡಲೇ ಅತ್ತೆ "ಸಾಕು, ಆರಿಸು" ಅನ್ನುತ್ತಿದ್ದರು. ಅದರಾಚೆಗೆ ಏನಿದೆ ಎಂದು ಅವರು ನೋಡಿರಲಿಲ್ಲ. ನೋಡದಿದ್ದರೂ ಖಚಿತವಾಗಿ ಗೊತ್ತಿತ್ತು.

ರಾಯರು ಡ್ರೈವಿನ ಗುಂಡಿ ಒತ್ತಿದರು. ಅದು ಬಾಯಿ ಬಿಡಲಿಲ್ಲ. ಇನ್ನೊಂದನ್ನು ಒತ್ತಿದರು. ಅದೂ ಬಾಯಿ ಬಿಡಲಿಲ್ಲ. ಪರದೆಯ ಮೇಲೆ ನೋಡಿದರೆ ಎರಡು ಡ್ರೈವುಗಳೂ ಇದ್ದ ಜಾಗದಲ್ಲೇ ಇರಲಿಲ್ಲ.

"ಕಂಪ್ಯೂಟರಿಗೆ ಡ್ರೈವಿನ ಗುರುತೇ ಸಿಗ್ತಿಲ್ಲ" ಎಂದು ರಾಯರು ಗಂಭೀರವಾಗಿ ಘೋಷಿಸಿದರು.

"ನನ್ನ ತಂಗಿ ಹತ್ರ ಕಲಿತಿರ್ಬೇಕು" ಎಂದರು ಅತ್ತೆ.

"ಅಲ್ಲಾರೀ, ಬಾಗಿಲೂ ತೆಗೀತಿಲ್ವಲ್ಲ?" ಎಂದು ಹೆಂಡತಿ ಅನುಮಾನಿಸಿದಳು.

"ಹೇಗೆ ತೆಗೆಯುತ್ತೆ? ಗುರುತಿಲ್ಲದವರಿಗೆ ನೀನು ಬಾಗಿಲು ತೆಗೀತೀಯಾ?"

ಈ ತರ್ಕ ಕೇಳಿದಾಗ ಸರಿಯಾಗಿಯೇ ಕೇಳಿಸಿತು. ರಾಯರ ಮಾತುಗಳ ಗುಣವೇ ಅದು, ಕೇಳುವಾಗ ಸರಿಯಾಗಿರುತ್ತಿದ್ದವು.

ರಾಯರು ಕಂಪ್ಯೂಟರನ್ನು ಆರಿಸಿ ಹಚ್ಚಿದರು. ಫೋನಿನಲ್ಲಿ ಇಂಟರ್ನೆಟ್ ಹುಡುಕಿ, ಯಾರೋ ಪುಣ್ಯಾತ್ಮ ಹೇಳಿದಂತೆ ಕಂಪ್ಯೂಟರಿನ ಸೆಟ್ಟಿಂಗಿನಲ್ಲಿದ್ದ ಒಂದು ಸಾಲು ಅಳಿಸಿದರು. ಇನ್ನೊಬ್ಬ ಪುಣ್ಯಾತ್ಮ ಅದನ್ನು ಅಳಿಸಲೇಬಾರದು ಎಂದು ಬರೆದದ್ದು ಆಮೇಲೆ ಸಿಕ್ಕಿತು. ಅಷ್ಟು ಹೊತ್ತಿಗೆ ಪ್ರಿಂಟರ್ ಕೂಡ ಪರದೆಯಿಂದ ಮಾಯವಾಗಿತ್ತು.

"ಒಳ್ಳೇದಾಯ್ತು. ಈಗ ರೋಗ ಎಲ್ಲೆಲ್ಲಿ ಹಬ್ಬಿದೆ ಅಂತ ಗೊತ್ತಾಯ್ತು" ಎಂದು ರಾಯರು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರು. "ಟಾರ್ಚ್ ಹಿಡಿ."

ಪಕ್ಕದ ತಗಡು ಬಿಚ್ಚಿ ಅವಳು ಟಾರ್ಚ್ ಹಿಡಿದಾಗ ಏನೋ ನೆನಪಾಯಿತು. ಬೇಸಿಗೆಯಲ್ಲಿ ಫ್ಯಾನು ಕೂರಿಸುವಾಗಲೂ ಹೀಗೇ ಟಾರ್ಚ್ ಹಿಡಿದಿದ್ದಳು. ಅವಳ ಗಮನವೆಲ್ಲ ಆಗ ಒಲೆಯ ಮೇಲಿಟ್ಟ ಹಾಲಿನ ಮೇಲಿತ್ತು. ರಾಯರು ಎಲ್ಲಿಂದಲೋ ಎರಡು ಬಿಳಿ ಪ್ಲಗ್ಗು ಕಿತ್ತು, "ಈ ಎರಡು ಬಾಯಿಗೂ ಸುಮ್ನೆ ಕರೆಂಟು ದಂಡ. ಬೇಕಾದಾಗ ವಾಪಸ್ ಹಾಕಿದ್ರಾಯ್ತು" ಅಂದಿದ್ದರು. ಅಷ್ಟರಲ್ಲಿ ಹಾಲು ಉಕ್ಕಿತ್ತು. ಅವಳು ಟಾರ್ಚ್ ಸಮೇತ ಓಡಿದ್ದಳು.

"ರೀ... ಆ ಫ್ಯಾನು ಹಾಕುವಾಗ ಏನೋ ಕಿತ್ತಿದ್ರಲ್ಲ..."

"ಫ್ಯಾನಿಗೂ ಡಿಸ್ಕಿಗೂ ಏನೇ ಸಂಬಂಧ? ಆ ಫ್ಯಾನು ಬಂದಾಗಿನಿಂದ ನಿಂಗೆ ಅದರ ಮೇಲೇ ಕಣ್ಣು. ಫ್ಯಾನು ಅಂದ್ರೆ ಕಂಪ್ಯೂಟರಿನ ಶ್ವಾಸಕೋಶ ಕಣೇ. ಜ್ವರ ಬಂದೋರ ಮೂಗು ಮುಚ್ಚು ಅಂತೀಯಲ್ಲ!"

ಅವಳು ಟಾರ್ಚನ್ನು ನೇರ ಹಿಡಿದಳು. ಹೌದೋ ಅಲ್ಲವೋ, ನೆನಪೋ ಭ್ರಮೆಯೋ. ಹಾಲು ಉಕ್ಕಿದ್ದು ಮಾತ್ರ ಖಂಡಿತ.

ಇಷ್ಟರಲ್ಲಿ ಕೆಳಮನೆಯ ಮೀಟರ್ ಸಾಹೇಬರು ಬಂದರು. ಅವರು ವಿದ್ಯುತ್ ಇಲಾಖೆಯಿಂದ ನಿವೃತ್ತರಾದವರು. ಜಗತ್ತಿನ ಯಾವ ಕಷ್ಟಕ್ಕೂ ಅವರು ಹೇಳುವ ಕಾರಣ ಒಂದೇ, ಸರಿಯಾಗಿ ಅರ್ತಿಂಗ್ ಇಲ್ಲ. ಮಕ್ಕಳು ಪರೀಕ್ಷೆಯಲ್ಲಿ ಫೇಲಾದರೂ ಅವರು ಆ ಮನೆಯ ವೈರಿಂಗ್ ನೋಡುತ್ತಿದ್ದರು.

"ತಗಡು ಮುಟ್ಟಿದ್ರೆ ಜುಮ್ ಅನ್ನುತ್ತಾ?"

"ಇಲ್ವಲ್ಲ ಸಾಹೇಬ್ರೇ."

"ಅದೇ ಮತ್ತೆ. ಅನ್ನಬೇಕಿತ್ತು" ಎಂದು ಸಾಹೇಬರು ತಲೆಯಾಡಿಸಿದರು. ಯಾಕೆ ಅನ್ನಬೇಕಿತ್ತು ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಮೇಲಿನ ಮನೆಯ ಟೀಚರಮ್ಮ ತಮ್ಮ ಲ್ಯಾಪ್‌ಟಾಪ್ ತಂದರು. ತಿರುಗಿಸಿ ಮುರುಗಿಸಿ ನೋಡಿದರೆ ಅದಕ್ಕೆ ಡಿಸ್ಕ್ ಹಾಕುವ ಬಾಯೇ ಇಲ್ಲ. "ಈಗಿನವಕ್ಕೆಲ್ಲ ಇರಲ್ಲ" ಎಂದು ಟೀಚರಮ್ಮ ಸಂಕೋಚದಿಂದ ಹೇಳಿದರು. ಅತ್ತೆ ಮರುಗಿದರು. "ಅಯ್ಯೋ, ಇಷ್ಟು ದುಡ್ಡು ಕೊಟ್ಟು ಬಾಯಿಲ್ಲದ್ದನ್ನ ತಂದ್ರಾ?" ಬಾಯಿದ್ದರೂ ಉಪಯೋಗವಿರಲಿಲ್ಲ, ಡಿಸ್ಕ್ ರಾಯರ ಡ್ರೈವಿನ ಹೊಟ್ಟೆಯಲ್ಲಿತ್ತು.

ಟೀಚರಮ್ಮನಿಗೆ ಯಾವ ಸುದ್ದಿಯೂ ತಮ್ಮ ಹತ್ತಿರ ಹೆಚ್ಚು ಹೊತ್ತು ಇದ್ದರೆ ಹಳಸುತ್ತದೆಂಬ ಭಯ. ಅವರು ಚಿಕ್ಕತ್ತೆಯ ನಾದಿನಿಗೆ ಫೋನ್ ಮಾಡಿದರು. ಅವರಿಂದ ಚಿಕ್ಕತ್ತೆಗೆ ತಲುಪುವ ಹೊತ್ತಿಗೆ ಸುದ್ದಿ ಮೈಕೈ ತುಂಬಿಕೊಂಡಿತ್ತು. ಸಂಜೆ ಫೋನ್ ಬಂತು. ಸೊಸೆ ಎತ್ತಿದಳು.

"ನಾನು ಬರ್ತೀನಿ ಅಂದ ತಕ್ಷಣ ಡಿಸ್ಕ್ ಮಾಯ ಆಯ್ತಂತೆ? ಕಂಪ್ಯೂಟರ್ ನುಂಗಿಬಿಡ್ತಂತೆ?"

"ನುಂಗಿಲ್ಲ ಚಿಕ್ಕತ್ತೆ, ಒಳಗಿದೆ. ಅದಕ್ಕೆ ಗುರುತು ಸಿಗ್ತಿಲ್ಲ ಅಷ್ಟೇ."

"ನಂಗೆ ಎಲ್ಲಾ ಗೊತ್ತಮ್ಮ. ಸಾಕ್ಷಿ ಅಳಿಸಿದಾರೆ. ಏನೋ ಒಂದು ಸಾಲು ಅಳಿಸಿದ್ದು ನಿಜ ತಾನೇ?"

ಅಳಿಸಿದ್ದು ನಿಜವೇ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಸೊಸೆ "ಅದು ಬೇರೆ ಸಾಲು" ಎಂದಳು. ಅದಕ್ಕಿಂತ ಕೆಟ್ಟ ಉತ್ತರ ಇರಲಿಲ್ಲ.

"ನಾಳೆ ಬರ್ತೀನಿ. ಒಬ್ಬಳೇ ಅಲ್ಲ, ನಿಮ್ಮ ಚಿಕ್ಕಪ್ಪನ್ನ ಕರ್ಕೊಂಡೇ ಬರ್ತೀನಿ. ಡಿಸ್ಕ್ ಓಡಿದ್ರೆ ಸರಿ. ಇಲ್ದಿದ್ರೆ ನಿನ್ನ ಅತ್ತೆಗೆ ಹೇಳು, ನಂಗೆ ಅಕ್ಕ ಇರಲಿಲ್ಲ ಅಂದ್ಕೋತೀನಿ ಅಂತ."

ಚಿಕ್ಕಪ್ಪ ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು. ಮನೆಯಲ್ಲಿ ಉಪ್ಪು ಕೇಳಬೇಕಾದರೂ ಪ್ರತಿವಾದಿಯ ಕಡೆ ನೋಡುವವರು.

ಸೊಸೆ ಮಾತನ್ನು ಅರ್ಧಕ್ಕೆ ಕತ್ತರಿಸಿ ಅತ್ತೆಗೆ ತಲುಪಿಸಿದಳು. "ಬರ್ತಾರಂತೆ."

"ಅಷ್ಟೇನಾ?"

"ಅಷ್ಟೇ."

ಅತ್ತೆ ಒರೆಸಿದ ಕಪ್ಪುಗಳನ್ನು ಮತ್ತೆ ಒರೆಸಲು ಕೂತರು.

ಭಾನುವಾರ ಬೆಳಿಗ್ಗೆ ಅವರು ಬಂದಾಗ ಕಂಪ್ಯೂಟರ್ ಪಡಸಾಲೆಯ ನಡುವೆ, ಪಕ್ಕ ಬಿಚ್ಚಿಕೊಂಡು, ಆಪರೇಷನ್ ಟೇಬಲ್ಲಿನ ರೋಗಿಯಂತೆ ಮಲಗಿತ್ತು. ನೀಲಿ ದೀಪ ಉರಿಯುತ್ತಿತ್ತು. ಫ್ಯಾನು ಗಿರಗಿರನೆ ಅರಚುತ್ತಿತ್ತು. ಅತ್ತೆ ಒಂದು ತುದಿಯ ಕುರ್ಚಿಯಲ್ಲಿ, ಚಿಕ್ಕತ್ತೆ ಇನ್ನೊಂದು ತುದಿಯ ಕುರ್ಚಿಯಲ್ಲಿ. ಇಬ್ಬರೂ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದರು. ಮೀಟರ್ ಸಾಹೇಬರು, ಟೀಚರಮ್ಮ ಬಾಗಿಲ ಬಳಿ ನಿಂತಿದ್ದರು.

ಕೋರ್ಟು ಚಿಕ್ಕಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ಈ ಯಂತ್ರ ಕೊನೇ ಸಲ ಸರಿಯಾಗಿ ಕೆಲಸ ಮಾಡಿದ್ದು ಯಾವಾಗ? ಆಮೇಲೆ ಅದನ್ನ ಮುಟ್ಟಿದವರು ಯಾರು?"

"ಮುಟ್ಟಿದ್ದು ನಾನೊಬ್ಬನೇ ಚಿಕ್ಕಪ್ಪ" ಎಂದರು ರಾಯರು ಹೆಮ್ಮೆಯಿಂದ. ಇಡೀ ಪ್ರಕರಣದಲ್ಲಿ ಹೇಳಿದ ಒಂದೇ ನಿಜ ಅದು. ಆದರೆ ಅದನ್ನು ಯಾರೂ ಗಮನಿಸಲಿಲ್ಲ, ಹೇಳಿದವರೂ ಸೇರಿದಂತೆ.

ಸೊಸೆ ಬಗ್ಗಿ ನೋಡಿದಳು. ಎರಡು ಡ್ರೈವುಗಳ ಬೆನ್ನಿನಲ್ಲೂ ಒಂದೊಂದು ಖಾಲಿ ತೂತು. ಆ ತೂತಿಗೆ ಹೊಂದುವಂಥ ಬಿಳಿ ಪ್ಲಗ್ಗುಗಳು ಒಂದು ಫ್ಯಾನಿನ ವೈರಿಗೆ, ಇನ್ನೊಂದು ನೀಲಿ ದೀಪದ ವೈರಿಗೆ ಜೋಡಿಸಿಕೊಂಡಿದ್ದವು. ಹಾಲು ಉಕ್ಕಿದ್ದೂ ನಿಜ, ಪ್ಲಗ್ಗು ಕಿತ್ತದ್ದೂ ನಿಜ. ಡ್ರೈವುಗಳಿಗೆ ಕಾಯಿಲೆ ಇರಲಿಲ್ಲ, ಅವು ಹಸಿದಿದ್ದವು.

ಬಾಯಿಬಿಟ್ಟು ಹೇಳಿದರೆ ಮುಗಿಯಿತು. ಆದರೆ ಕೋರ್ಟು ಚಿಕ್ಕಪ್ಪನ ಎದುರು, ಇಡೀ ಕಟ್ಟಡದ ಎದುರು, ನಿನ್ನೆಯಿಂದ ಊಟ ಬಿಟ್ಟು ಹೋರಾಡಿದ ಗಂಡನಿಗೆ 'ನೀವೇ ಕಿತ್ತದ್ದು' ಎಂದು ಹೇಗೆ ಹೇಳುವುದು? ಹೇಳದಿದ್ದರೆ ಚಿಕ್ಕತ್ತೆ ಕುರ್ಚಿ ಬಿಟ್ಟು ಏಳುತ್ತಾರೆ, ಎದ್ದರೆ ಮತ್ತೆ ಈ ಮನೆಗೆ ಬರುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅವಳಿಗೆ ತನ್ನ ಅಂಗಡಿಯ ಕುರ್ಚಿ ನೆನಪಾಯಿತು.

"ರೀ, ವಿಡಿಯೋ ಶುರುವಾದ್ರೂ ಈ ಫ್ಯಾನಿನ ಗಲಾಟೇಲಿ ಯಾರು ಏನು ಮಾತಾಡಿದ್ರು ಅಂತ ಕೇಳಿಸುತ್ತಾ?"

"ಮೊದ್ಲು ಶುರುವಾಗ್ಲಿ ಬಿಡೇ."

ಅವಳು ಗಾಜು ಬದಲಿಸಿದಳು. "ಚಿಕ್ಕತ್ತೆ, ನಿಮ್ಗೆ ಕೇಳಿಸುತ್ತಾ?"

"ಎಲ್ಲಿ ಕೇಳಿಸುತ್ತೆ! ನಂಗೆ ಕೇಳಿಸಬಾರ್ದು ಅಂತಾನೇ ಇಟ್ಟಿರೋದು ಅದನ್ನ!"

ಮೂಲೆಯಿಂದ ಅತ್ತೆ ಕ್ಯಾಲೆಂಡರಿಗೆ ಹೇಳಿದರು. "ನಿಲ್ಲಿಸೋ ಆ ಗಿರಣಿನ. ಆಮೇಲೆ ಕೇಳಿಸಲಿಲ್ಲ ಅಂತ ಯಾರೂ ನೆಪ ಹೇಳೋದು ಬೇಡ."

"ತೆಗೀರಿ, ತೆಗೀರಿ" ಎಂದು ಮೀಟರ್ ಸಾಹೇಬರು ಮುಂದೆ ಬಂದರು. "ಆದ್ರೆ ಕರೆಂಟ್ ಇರುವಾಗ ಕೈ ಹಾಕ್ಬೇಡಿ. ನಾನು ಆಫ್ ಮಾಡ್ತೀನಿ." ಗೋಡೆಯ ಸ್ವಿಚ್ಚು ಅವರ ಕೈಯಳತೆಯಲ್ಲೇ ಇತ್ತು. ಆದರೆ ದೊಡ್ಡ ಹುದ್ದೆಯಲ್ಲಿದ್ದವರಿಗೆ ಅಷ್ಟು ಸಣ್ಣ ಸ್ವಿಚ್ಚು ಕಾಣುವುದಿಲ್ಲ. ನೇರ ಕೆಳಗಿಳಿದು ಹೋಗಿ ಇಡೀ ಕಟ್ಟಡದ ಮೇನ್ ಆರಿಸಿದರು.

ಮೇಲಿನಿಂದ ಕೆಳಗಿನವರೆಗೆ ಎಲ್ಲ ಮನೆಗಳ ಫ್ಯಾನು, ಫ್ರಿಜ್ಜು, ಟೀವಿ ಒಂದೇ ಸಲ ಉಸಿರು ನಿಲ್ಲಿಸಿದವು. ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ತಲೆಗೆ ಅರ್ಧ ಸೋಪು ಹಚ್ಚಿಕೊಂಡಿದ್ದವರೊಬ್ಬರು ಟವಲಿನಲ್ಲೇ ಮೆಟ್ಟಿಲಿಗೆ ಬಂದು, "ಏನ್ರೀ ಇದು?" ಎಂದು ಕೂಗಿದರು.

"ರಿಪೇರಿರಾಯರ ಮನೇಲಿ" ಎಂದು ಟೀಚರಮ್ಮ ಅಂದರು. ಅಷ್ಟೇ ಸಾಕಾಯಿತು. ಎಲ್ಲರೂ ನೋಡಲು ಬಂದರು.

ರಾಯರು ಫ್ಯಾನನ್ನೂ ದೀಪವನ್ನೂ ಬಿಡಿಸಿದರು. ಬಿಳಿ ಪ್ಲಗ್ಗುಗಳು ಎರಡೂ ಜೋತಾಡಿದವು.

"ಅವು ಹಾಗೆ ನೇತಾಡಿದ್ರೆ ಏನೂ ಆಗಲ್ವಾ?" ಎಂದು ಹೆಂಡತಿ ಏನೂ ಅರಿಯದವಳಂತೆ ಕೇಳಿದಳು.

"ತಗಡಿಗೆ ತಗುಲಿದ್ರೆ ಅಪಾಯ. ಎಲ್ಲಾದ್ರೂ ಸಿಕ್ಕಿಸ್ಬೇಕು."

"ಎಲ್ಲಿ ಸಿಕ್ಕಿಸ್ತೀರ? ಇಲ್ಲಿ?"

"ಅಲ್ಲಿ ಹೇಗೆ ಹೋಗುತ್ತೆ, ಅದು ಅಗಲ."

"ಇಲ್ಲಿ?"

"ಛೆ, ಅದು ಸಣ್ಣದು." ರಾಯರು ತಾವೇ ಟಾರ್ಚ್ ಕಿತ್ತುಕೊಂಡು ಬಗ್ಗಿದರು. ಅವರ ಹುಬ್ಬು ಮೇಲೇರಿತು. "ಹಾಂ! ಇಲ್ಲಿ ನೋಡು. ಅಳತೆ ತೆಗೆದು ಮಾಡಿದ ಹಾಗಿದೆ, ಸುಮ್ನೆ ಎರಡು ತೂತು ಬಿಟ್ಟಿದಾರೆ ಕಂಪನಿಯವರು." ಟಕ್, ಟಕ್ ಎಂದು ಎರಡನ್ನೂ ಕೂರಿಸಿದರು. ಕೆಳಗೆ ಸಾಹೇಬರು ಮೇನ್ ಹಾಕಿದರು. ಕಂಪ್ಯೂಟರ್ ಹಚ್ಚಿದರು. ಡ್ರೈವಿನ ಮೂಗಿನ ತುದಿಯಲ್ಲಿ ಹಸಿರು ದೀಪ ಮಿನುಗಿತು. ಒಳಗೆ ಡಿಸ್ಕು ಗುರ್ರೆಂದು ತಿರುಗಿತು.

"ನಾನು ಆಗ್ಲೇ ಹೇಳಲಿಲ್ವಾ?" ಎಂದರು ರಾಯರು.

ಅವಳು ತಲೆಯಾಡಿಸಿದಳು.

ವಿಡಿಯೋ ಓಡಿತು. ಪರದೆಯ ತುಂಬ ಮದುವೆಯ ಜನ. ಮಾವನವರು ಬಂದರು, ಯಾರದೋ ಮಾತಿಗೆ ನಕ್ಕರು. ಅತ್ತೆಯ ಕೈ ಅಭ್ಯಾಸಬಲದಿಂದ ಮೇಲೆದ್ದಿತು. ಆದರೆ ಆ ತುದಿಯಿಂದ ಚಿಕ್ಕತ್ತೆ, ಯಾರಿಗೆಂದಿಲ್ಲದೆ, "ಭಾವ ನಕ್ಕಿದ್ರಾ!" ಅಂದರು. ಎತ್ತಿದ ಕೈ ಹಾಗೇ ಮಡಿಲಿಗೆ ಇಳಿಯಿತು. ಮೊದಲ ಬಾರಿಗೆ ವಿಡಿಯೋ ಆ ನಗುವನ್ನು ದಾಟಿ ಮುಂದೆ ಹೋಯಿತು.

ವೇದಿಕೆ. ಹೂವು. ಎರಡು ದೊಡ್ಡ ಕುರ್ಚಿ. ಒಂದರಲ್ಲಿ ಮದುಮಗಳು, ಹೊಸ ಚಪ್ಪಲಿ ಕಚ್ಚಿ ಕಾಲನ್ನು ಒಳಗೊಳಗೇ ಉಜ್ಜಿಕೊಳ್ಳುತ್ತಿದ್ದಾಳೆ. ಇನ್ನೊಂದು ಕುರ್ಚಿ ಖಾಲಿ.

"ಮದುಮಗ ಎಲ್ಲಿ?" ಎಂದರು ಕೋರ್ಟು ಚಿಕ್ಕಪ್ಪ.

ಚಿಕ್ಕತ್ತೆ ವೇದಿಕೆ ಹತ್ತುತ್ತಾರೆ. ಹೊಸ ಬಟ್ಟೆ, ಮುಖದ ತುಂಬ ಸಂಭ್ರಮ. ಅಕ್ಕನ ಪಕ್ಕ ನಿಲ್ಲಲು ಬರುತ್ತಾರೆ. ಆಗ ಎಲ್ಲಿಂದಲೋ ಒಂದು ಗಂಡು ದನಿ. "ಯಾರ್ರೀ ಅಲ್ಲಿ ನಿಂತಿರೋದು? ಇಳೀರಿ ಕೆಳಗೆ, ಇಳೀರಿ!" ಅದೇ ಗಳಿಗೆಗೆ ಅತ್ತೆ ಬೆರಳು ತೋರಿಸುತ್ತಾರೆ. ಚಿಕ್ಕತ್ತೆ ಆ ಬೆರಳನ್ನು ನೋಡುತ್ತಾರೆ. ಮುಖದ ಸಂಭ್ರಮ ದೀಪದ ಹಾಗೆ ಆರುತ್ತದೆ. ಇಳಿದು ಹೋಗುತ್ತಾರೆ.

"ನೋಡಿದ್ರಾ!" ಎಂದು ಚಿಕ್ಕತ್ತೆ ಕುರ್ಚಿಯಿಂದ ಎದ್ದುನಿಂತರು. "ಬೆರಳು! ಬೆರಳು ಎತ್ತೇ ಇಲ್ಲ ಅಂದ್ಲಲ್ಲ!"

ಅತ್ತೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಬೆರಳು ತಮ್ಮದೇ. "ಆ ದನಿ... ಆ ದನಿ ನಂದಲ್ವಲ್ಲೇ..."

ಅಷ್ಟರಲ್ಲಿ ಕ್ಯಾಮೆರಾದವನು ಬೆರಳು ಹೋದ ದಿಕ್ಕಿಗೆ ಕ್ಯಾಮೆರಾ ತಿರುಗಿಸಿದ್ದ. ಕುರ್ಚಿಗಳ ಹಿಂದೆ, ದೊಡ್ಡ ದೀಪದ ಕಂಬದ ಬುಡದಲ್ಲಿ, ಹೊಸ ಸೂಟು ಹಾಕಿದ ಒಂದು ಬೆನ್ನು ಬಗ್ಗಿತ್ತು. ಅದು ತಲೆಯೆತ್ತಿತು. ಬಾಯಲ್ಲಿ ವೈರು, ಕೈಯಲ್ಲಿ ಸ್ಕ್ರೂಡ್ರೈವರ್. ಮದುಮಗ! "ವೈರ್ ತುಳೀತಿದೀರ, ಲೈಟ್ ಹೋಗುತ್ತೆ, ಇಳೀರಿ ಅಂದ್ರೆ!" ಎಂದು ಯಾರನ್ನೂ ನೋಡದೆ ಕೂಗಿ ಮತ್ತೆ ಬಗ್ಗಿತು. ಅತ್ತೆಯ ದನಿ ಈಗ ಸ್ಪಷ್ಟವಾಗಿ ಕೇಳಿಸಿತು. "ಅಲ್ಲಿ ನೋಡಿ ನನ್ನ ಮಗನ್ನ! ಯಾರಾದ್ರೂ ಅವನನ್ನ ಎಬ್ಬಿಸಿ ತಂದು ಕೂರಿಸ್ರಪ್ಪಾ, ಮದುವೆ ಅವನದ್ದೇ!"

ಅಡ್ಡ ಬರಲು ಫ್ಯಾನೂ ಇರಲಿಲ್ಲವಲ್ಲ, ಮೌನ ಚೆನ್ನಾಗಿ ಕೇಳಿಸಿತು.

ಅಕ್ಕತಂಗಿ ಇಬ್ಬರೂ ನಿಧಾನವಾಗಿ ರಾಯರ ಕಡೆ ತಿರುಗಿದರು.

"ಅಯ್ಯೋ ನಿನ್ನ ಮನೆ ಕಾಯ್ವಾಗ!" ಎಂದರು ಚಿಕ್ಕತ್ತೆ.

"ನಿನ್ನ ಕೈಗೆ ಆ ಸ್ಕ್ರೂಡ್ರೈವರ್ ಕೊಟ್ಟೋರು ಯಾರೋ!" ಎಂದರು ಅತ್ತೆ.

"ಅಲ್ಲ ಚಿಕ್ಕಮ್ಮ, ಲೈಟು ನಿಜವಾಗ್ಲೂ ಹೋಗ್ತಿತ್ತು..."

"ಸುಮ್ನಿರೋ!" ಇದನ್ನು ಇಬ್ಬರೂ ಒಟ್ಟಿಗೇ, ಒಂದೇ ರಾಗದಲ್ಲಿ ಹೇಳಿದರು. ಹೇಳಿ ಒಬ್ಬರನ್ನೊಬ್ಬರು ನೋಡಿದರು. ಗುರುತು ಹತ್ತಿತು. ಆಮೇಲೆ ರಾಯರನ್ನು ಬೈಯುವ ಕೆಲಸದಲ್ಲಿ ಅಕ್ಕತಂಗಿ ಎಷ್ಟು ಒಗ್ಗಟ್ಟು ತೋರಿದರೆಂದರೆ, ಒಬ್ಬರು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬರು ಮುಂದುವರಿಸುತ್ತಿದ್ದರು. ಬೈಯುತ್ತ ಬೈಯುತ್ತ ಕುರ್ಚಿಗಳೆರಡೂ ಹತ್ತಿರವಾದವು. ನಡುವೆ ಚಿಕ್ಕತ್ತೆ ಕಣ್ಣೊರೆಸಿಕೊಂಡದ್ದನ್ನೂ, ಅತ್ತೆ ಅವರ ಬೆನ್ನು ಸವರಿದ್ದನ್ನೂ ಸೊಸೆ ಒಬ್ಬಳೇ ನೋಡಿದಳು. ಹೂವಿನ ಕಪ್ಪುಗಳಲ್ಲಿ ಟೀ ತಂದಳು.

"ಪ್ರಕರಣ ವಜಾ" ಎಂದು ಕೋರ್ಟು ಚಿಕ್ಕಪ್ಪ ಬಿಸ್ಕತ್ತಿಗೆ ಕೈ ಹಾಕಿದರು.

ಹೊರಡುವ ಹೊತ್ತಿಗೆ ಚಿಕ್ಕತ್ತೆಯೇ ಅಂದರು. "ಅವತ್ತಿನ ಫೋಟೋದಲ್ಲಿ ನಾನಿಲ್ಲ. ಈಗೊಂದು ತೆಗೀರಿ."

ಅಕ್ಕತಂಗಿ ಗೋಡೆಗೆ ಒರಗಿ ನಿಂತರು. ಸೊಸೆ ಫೋನು ಹಿಡಿದಳು. ಬೆಳಕು ಸಾಲದೆಂದು ರಾಯರಿಗೆ ಅನ್ನಿಸಿತು. ಬೈಸಿಕೊಂಡದ್ದೆಲ್ಲ ಆ ಕ್ಷಣಕ್ಕೆ ಮರೆತುಹೋಗಿ, ಕೋಣೆಯಿಂದ ಮೇಜಿನ ದೀಪ ತಂದು ಉದ್ದ ವೈರಿನಲ್ಲಿ ಜೋಡಿಸಿ, ಎತ್ತಿ ಹಿಡಿದರು. ದೀಪ ಮಿಣಮಿಣ ಅಂದಿತು. ರಾಯರು ವೈರಿನ ಗುಂಟ ಕಣ್ಣೋಡಿಸಿದರು.

"ಚಿಕ್ಕಮ್ಮ, ಒಂಚೂರು ಆ ಕಡೆ ಸರೀರಿ. ವೈರ್ ಮೇಲೆ ನಿಂತಿದೀರ, ಲೈಟ್ ಹೋಗುತ್ತೆ."

ಚಿಕ್ಕತ್ತೆ ಕಾಲು ಎತ್ತಿದರು. ಅಷ್ಟರಲ್ಲಿ ಅತ್ತೆ ತಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಅಲ್ಲೇ ನಿಂತ್ಕೊಳ್ಳೇ ನೀನು. ಹೋದ್ರೆ ಹೋಗ್ಲಿ ಲೈಟು."

ಲೈಟು ಹೋಯಿತು. ಫೋಟೋದಲ್ಲಿ ಇಬ್ಬರ ಮುಖವೂ ಸರಿಯಾಗಿ ಕಾಣುವುದಿಲ್ಲ, ಯಾರ ನಗು ಯಾರದು ಎಂದೂ ತಿಳಿಯುವುದಿಲ್ಲ. ಅದನ್ನೇ ಕಟ್ಟು ಹಾಕಿಸಿ ಅತ್ತೆ ಗೋಡೆಗೆ ತೂಗುಹಾಕಿಸಿದ್ದಾರೆ. ಬಂದವರು ಕಣ್ಣು ಕಿರಿದು ಮಾಡಿ, ಇದೇನು ಮಂಜಾಗಿದೆಯಲ್ಲ ಎಂದರೆ, ಕನ್ನಡಕದ ಅಂಗಡಿಯ ಸೊಸೆ ಏನೂ ಹೇಳುವುದಿಲ್ಲ. ರಾಯರು ಆಫೀಸಿನಿಂದ ಬರುವ ಮೊದಲೇ ಮೊಳೆ ಹೊಡೆದದ್ದು ಮಾತ್ರ ಅವಳೇ.